ನಾಳೆಯ ವಿಂಬಲ್ಡನ್ ಫೈನಲ್: ಪ್ಯಾರಿಸ್‌ನ ಸೋಲು ಸಿನ್ನರ್‌ಗೆ ಭಾರವೋ, ಬಲವೋ?

ಹುಲ್ಲಂಕಣ (ಶನಿವಾರ, ಜುಲೈ 12, 2025)

ಸ್ನೇಹಿತರೇ, ನಾಳೆ ಸೆಂಟರ್ ಕೋರ್ಟ್‌ನಲ್ಲಿ ಕಾರ್ಲೊಸ್ ಅಲ್ಕರಾಜ್ ಮತ್ತು ಯಾನಿಕ್ ಸಿನ್ನರ್ ಮತ್ತೆ ಮುಖಾಮುಖಿಯಾಗುತ್ತಿದ್ದಾರೆ. ಪ್ಯಾರಿಸ್‌ನಲ್ಲಿ ಫ್ರೆಂಚ್ ಓಪನ್ ಫೈನಲ್‌ನಲ್ಲಿ ಸಿನ್ನರ್ ಅಲ್ಕರಾಜ್ ಎದುರು ಸೋತು ಐದು ವಾರವಷ್ಟೇ ಆಗಿದೆ. ಆ 5 ಗಂಟೆ 29 ನಿಮಿಷಗಳ ದಣಿವು ಕುಳಿತು ನೋಡಿದ ನನಗೇ ಇನ್ನೂ ಇಳಿದಿಲ್ಲ. ನಾನು 2022ರ ಅಮೆರಿಕ ಓಪನ್‌ನಿಂದಲೂ ಅಲ್ಕರಾಜ್ ಅಭಿಮಾನಿ. ಹಾಗಿದ್ದರೂ ನಾಳೆ ಸಿನ್ನರ್ ಗೆಲ್ಲುತ್ತಾರೆ ಎಂಬ ಅನಿಸಿಕೆ ಸೆಮಿಫೈನಲ್‌ಗಳನ್ನು ನೋಡಿದಾಗಿನಿಂದ ನನ್ನನ್ನು ಬಿಡುತ್ತಿಲ್ಲ.

ಕಾರಣ ಹೇಳುತ್ತೇನೆ. ಅಲ್ಕರಾಜ್ ಈ ಟೂರ್ನಿಯ ಮೊದಲ ದಿನವೇ 38 ವರ್ಷದ ಫಾಬಿಯೊ ಫೊಗ್ನಿನಿ ಎದುರು ಐದು ಸೆಟ್ ಆಡಬೇಕಾಯಿತು. ಆಮೇಲೆ ಸ್ಟ್ರುಫ್, ರುಬ್ಲೆವ್, ಫ್ರಿಟ್ಜ್ ಮೂವರಿಗೂ ಒಂದೊಂದು ಸೆಟ್ ಕೊಟ್ಟರು. ಸಿನ್ನರ್ ಮೊದಲ ಮೂರು ಸುತ್ತುಗಳಲ್ಲಿ ಬಿಟ್ಟುಕೊಟ್ಟದ್ದು ಒಟ್ಟು 17 ಗೇಮ್ ಮಾತ್ರ, ನಿನ್ನೆ ನೊವಾಕ್ ಜೊಕೊವಿಚ್ ಅವರನ್ನು 6-3, 6-3, 6-4ರಿಂದ ಮಣಿಸಿದ ರೀತಿಯಲ್ಲಂತೂ ಒಂದು ಬಿರುಕೂ ಕಾಣಲಿಲ್ಲ. ಆದರೆ ಪ್ಯಾರಿಸ್‌ನಲ್ಲಿಯೂ ಅವರು ಒಂದೇ ಒಂದು ಸೆಟ್ ಸೋಲದೆ ಫೈನಲ್‌ಗೆ ಬಂದಿದ್ದರು, ಆಮೇಲೆ ಏನಾಯಿತು ಎಂಬುದು ನಿಮಗೆಲ್ಲ ಗೊತ್ತು. ಆದ್ದರಿಂದ ನನ್ನ ಪ್ರಶ್ನೆ ಇಷ್ಟು: ಮೂರು ಚಾಂಪಿಯನ್‌ಷಿಪ್ ಪಾಯಿಂಟ್‌ಗಳನ್ನು (ಒಂದನ್ನು ಗೆದ್ದರೂ ಪ್ರಶಸ್ತಿ ಕೈಸೇರುವ ಪಾಯಿಂಟ್‌ಗಳು) ಕೈಯಲ್ಲಿಟ್ಟುಕೊಂಡು ಸೋತವನು ಐದೇ ವಾರದಲ್ಲಿ ಅದೇ ಎದುರಾಳಿಯ ಮುಂದೆ ನಿಂತಾಗ ಆ ಸೋಲು ಅವನ ಕೈ ನಡುಗಿಸುತ್ತದೆಯೇ, ಗಟ್ಟಿ ಮಾಡುತ್ತದೆಯೇ? ಬರೀ ಹೆಸರು ಹೇಳಿ ಹೋಗದೆ ಕಾರಣ ಬರೆಯಿರಿ.

ಐದನೇಸೆಟ್

ಅಲ್ಕರಾಜ್, ನಾಲ್ಕು ಸೆಟ್‌ಗಳಲ್ಲಿ. ಸತತ 24 ಪಂದ್ಯ ಗೆದ್ದು ಬಂದಿರುವ, ಗ್ರ್ಯಾನ್‌ಸ್ಲಾಮ್ ಫೈನಲ್‌ಗೆ ಐದು ಸಲ ಬಂದು ಐದೂ ಸಲ ಗೆದ್ದಿರುವ ಆಟಗಾರನ ವಿರುದ್ಧ ಬರೆಯಲು ನನಗೆ ಕೈ ಬರುವುದಿಲ್ಲ. ಅವರು ಆರಂಭದ ಸುತ್ತುಗಳಲ್ಲಿ ಸೆಟ್ ಕಳೆದುಕೊಳ್ಳುವುದು ಹೊಸದಲ್ಲ, ಕೊನೆಯ ದಿನ ಬೇರೆಯೇ ಆಗಿ ಬರುತ್ತಾರೆ. ಅದೂ ಅಲ್ಲದೆ ಸಿನ್ನರ್ ಅಲ್ಕರಾಜ್ ಎದುರು ಸತತ ಆರು ಪಂದ್ಯ ಸೋತಿದ್ದಾರೆ, ಹುಲ್ಲಿನ ಅಂಕಣದಲ್ಲಿ ಒಮ್ಮೆಯೂ ಗೆದ್ದಿಲ್ಲ.

ಅಂಕಿಯವನು

ಐದನೇಸೆಟ್ ಅವರೇ, ಎರಡೂ ತಪ್ಪು. ಸತತ ಸೋಲುಗಳು ಆರಲ್ಲ, ಐದು: 2024ರಲ್ಲಿ ಇಂಡಿಯನ್ ವೆಲ್ಸ್ ಸೆಮಿಫೈನಲ್, ಫ್ರೆಂಚ್ ಓಪನ್ ಸೆಮಿಫೈನಲ್, ಬೀಜಿಂಗ್ ಫೈನಲ್, ಈ ವರ್ಷ ರೋಮ್ ಮತ್ತು ಪ್ಯಾರಿಸ್ ಫೈನಲ್‌ಗಳು. ಇನ್ನು ಹುಲ್ಲಿನ ಮಾತು. ವೃತ್ತಿಪರ ಟೂರ್‌ನಲ್ಲಿ ಇಬ್ಬರೂ ಹುಲ್ಲಿನ ಮೇಲೆ ಆಡಿರುವುದೇ ಒಂದು ಪಂದ್ಯ, 2022ರ ವಿಂಬಲ್ಡನ್ ನಾಲ್ಕನೇ ಸುತ್ತು. ಅದನ್ನು ಸಿನ್ನರ್ 6-1, 6-4, 6-7, 6-3ರಿಂದ ಗೆದ್ದರು. ಒಟ್ಟಾರೆ ಲೆಕ್ಕ ಅಲ್ಕರಾಜ್ ಪರ 8-4 ಇದೆ, ಸಿನ್ನರ್ ಕೊನೆಯ ಬಾರಿ ಗೆದ್ದದ್ದು 2023ರ ಬೀಜಿಂಗ್ ಸೆಮಿಫೈನಲ್‌ನಲ್ಲಿ.

ಐದನೇಸೆಟ್

ಒಪ್ಪಿಕೊಳ್ಳುತ್ತೇನೆ, ಆ 2022ರ ಪಂದ್ಯ ಮರೆತೇ ಹೋಗಿತ್ತು. ಆದರೆ ಅಂದು ಅಲ್ಕರಾಜ್ 19ರ ಹುಡುಗ, ಹುಲ್ಲಿನ ಮೇಲೆ ಕಾಲಿಡುವುದನ್ನು ಇನ್ನೂ ಕಲಿಯುತ್ತಿದ್ದರು. ಅಂದಿನಿಂದ ಅವರು ಎರಡು ವಿಂಬಲ್ಡನ್, ಲಂಡನ್ನಿನ ಇನ್ನೊಂದು ಹುಲ್ಲಿನ ಟೂರ್ನಿಯಾದ ಕ್ವೀನ್ಸ್ ಕ್ಲಬ್‌ನಲ್ಲಿ ಎರಡು ಪ್ರಶಸ್ತಿ ಗೆದ್ದಿದ್ದಾರೆ. ಈ ಬಾರಿ ಜರ್ಮನಿಯ ಹಾಲೆಯ ಹುಲ್ಲಿನ ಟೂರ್ನಿಯಲ್ಲಿ ಎರಡನೇ ಸುತ್ತಿಗೇ ಬುಬ್ಲಿಕ್ ಎದುರು ಸೋತು ಬಂದವರು ಸಿನ್ನರ್. ಹಳೆಯ ಒಂದು ಗೆಲುವನ್ನು ಹಿಡಿದುಕೊಂಡು ನಾಳೆಯ ಮಾತು ಆಡಲಾಗದು.

ಕೆಂಪುಮಣ್ಣು

ಸಿನ್ನರ್. ಪ್ಯಾರಿಸ್‌ನಲ್ಲಿ ಒಟ್ಟು ಪಾಯಿಂಟ್‌ಗಳ ಲೆಕ್ಕದಲ್ಲಿ ಸಿನ್ನರ್ 193, ಅಲ್ಕರಾಜ್ 192. ಐದೂವರೆ ಗಂಟೆ ಆಡಿದ ಮೇಲೂ ಇಬ್ಬರ ನಡುವೆ ಇದ್ದ ಅಂತರ ಒಂದೇ ಪಾಯಿಂಟ್, ಅದೂ ಸೋತವರ ಕಡೆಗೆ. ಅದೂ ಅವರ ಎದುರಾಳಿಗೆ ಅಚ್ಚುಮೆಚ್ಚಿನ ಆವೆಮಣ್ಣಿನ ಮೇಲೆ. ಚೆಂಡು ವೇಗವಾಗಿ, ತಗ್ಗಾಗಿ ಬರುವ ಅಂಕಣದಲ್ಲಿ ಆ ಅಂತರ ಸಿನ್ನರ್ ಕಡೆಗೆ ಇನ್ನಷ್ಟು ವಾಲುತ್ತದೆ ಎಂಬುದೇ ನನ್ನ ಲೆಕ್ಕ.

ಹಳೇರ‍್ಯಾಕೆಟ್

ಪಾಯಿಂಟ್‌ಗಳನ್ನು ಕೂಡಿಸಿ ಪಂದ್ಯ ಗೆಲ್ಲುವುದಿದ್ದರೆ 2019ರ ವಿಂಬಲ್ಡನ್ ರೋಜರ್ ಫೆಡರರ್ ಅವರದಾಗಿರುತ್ತಿತ್ತು. ಅಂದು ಅವರು 218 ಪಾಯಿಂಟ್ ಗೆದ್ದರು, ಜೊಕೊವಿಚ್ 204. ಐದನೇ ಸೆಟ್‌ನಲ್ಲಿ 8-7ರಲ್ಲಿ ತಮ್ಮದೇ ಸರ್ವ್‌ನಲ್ಲಿ ಎರಡು ಚಾಂಪಿಯನ್‌ಷಿಪ್ ಪಾಯಿಂಟ್ ಇದ್ದವು. ಟ್ರೋಫಿ ಜೊಕೊವಿಚ್ ಕೈಗೆ ಹೋಯಿತು. ಟೆನಿಸ್‌ನಲ್ಲಿ ಎಲ್ಲ ಪಾಯಿಂಟ್‌ಗಳ ತೂಕ ಒಂದೇ ಅಲ್ಲ. ಯಾವ ಪಾಯಿಂಟ್ ಯಾವಾಗ ಬರುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಹುಲ್ಲಂಕಣ ಅವರು ಕೇಳಿದ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ಅದಕ್ಕೆ ಇತಿಹಾಸದಲ್ಲಿ ಉತ್ತರವಿದೆ ಮತ್ತು ಆ ಉತ್ತರ ಸಿನ್ನರ್ ಅಭಿಮಾನಿಗಳಿಗೆ ಹಿತವಾದುದಲ್ಲ. ಓಪನ್ ಯುಗದಲ್ಲಿ (ವೃತ್ತಿಪರರಿಗೂ ಪ್ರವೇಶ ಸಿಕ್ಕ 1968ರಿಂದ ಈಚೆಗೆ) ಪುರುಷರ ಗ್ರ್ಯಾನ್‌ಸ್ಲಾಮ್ ಫೈನಲ್‌ನಲ್ಲಿ ಚಾಂಪಿಯನ್‌ಷಿಪ್ ಪಾಯಿಂಟ್ ಎದುರಿಸಿ ಉಳಿದು ಗೆದ್ದವರು ಮೂವರು: 2004ರ ಪ್ಯಾರಿಸ್‌ನಲ್ಲಿ ಗ್ಯಾಸ್ಟನ್ ಗಾಡಿಯೊ, 2019ರ ವಿಂಬಲ್ಡನ್‌ನಲ್ಲಿ ಜೊಕೊವಿಚ್, ಈಗ ಅಲ್ಕರಾಜ್. ಇವರೆದುರು ಸೋತವರನ್ನು ನೋಡಿ. ಗಿಲೆರ್ಮೊ ಕೋರಿಯಾ ಅಂದು ಮೊದಲ ಎರಡು ಸೆಟ್‌ಗಳನ್ನು 6-0, 6-3ರಿಂದ ಗೆದ್ದು, ಸ್ನಾಯು ಸೆಳೆತದಿಂದ ಬಳಲಿ, ಕೊನೆಯ ಸೆಟ್‌ನಲ್ಲಿ ಎರಡು ಪಾಯಿಂಟ್ ಕೈಬಿಟ್ಟು 8-6ರಿಂದ ಸೋತರು. ಮತ್ತೆ ಯಾವ ಗ್ರ್ಯಾನ್‌ಸ್ಲಾಮ್ ಫೈನಲ್ ಕೂಡ ಆಡಲಿಲ್ಲ. ಫೆಡರರ್‌ರಂತಹ ಫೆಡರರ್ ಕೂಡ 2019ರ ಆ ಭಾನುವಾರದ ನಂತರ ಇನ್ನೊಂದು ಗ್ರ್ಯಾನ್‌ಸ್ಲಾಮ್ ಫೈನಲ್ ಕಾಣಲಿಲ್ಲ. ಅಂಥ ಸೋಲು ಮೈಯಿಂದ ಇಳಿಯುವುದು ಸುಲಭವಲ್ಲ.

ನೆಟ್‌ಹತ್ತಿರ

ಹಳೇರ‍್ಯಾಕೆಟ್ ಅವರೇ, ನಿಮ್ಮ ಬರಹಗಳನ್ನು ಗೌರವದಿಂದ ಓದುವವಳು ನಾನು, ಆದರೆ ಈ ವಾದ ನಿಲ್ಲುವುದಿಲ್ಲ. ಫೆಡರರ್ ಅವರಿಗೆ ಅಂದು 38 ತುಂಬುತ್ತಿತ್ತು, ಆಮೇಲೆ ಮಂಡಿಯ ಶಸ್ತ್ರಚಿಕಿತ್ಸೆಗಳಾದವು. ಮನಸ್ಸಿಗಿಂತ ಮಂಡಿ ಅವರನ್ನು ತಡೆಯಿತು. ಸಿನ್ನರ್ ಅವರಿಗೆ 23 ವರ್ಷ. ಮುಖ್ಯವಾಗಿ, ಕೋರಿಯಾ ಮತ್ತು ಫೆಡರರ್ ಮತ್ತೆ ಫೈನಲ್‌ಗೆ ಬರಲಿಲ್ಲ ಎಂದು ನೀವೇ ಹೇಳಿದಿರಿ, ಸಿನ್ನರ್ ಮುಂದಿನ ಟೂರ್ನಿಯಲ್ಲೇ ಬಂದು ಕುಳಿತಿದ್ದಾರೆ. ಮೈಯಿಂದ ಇಳಿಯದ ಸೋಲನ್ನು ಹೊತ್ತವರು ಜೊಕೊವಿಚ್ ಅವರನ್ನು ನೇರ ಸೆಟ್‌ಗಳಲ್ಲಿ ಕಳುಹಿಸುವುದಿಲ್ಲ.

ಹಳೇರ‍್ಯಾಕೆಟ್

ಕ್ವಾರ್ಟರ್‌ಫೈನಲ್‌ನ ಕೊನೆಯಲ್ಲಿ ಜಾರಿ ಬಿದ್ದು, ಮೈ ಸರಿಯಿಲ್ಲದೆ ಓಡುತ್ತಿದ್ದ ಜೊಕೊವಿಚ್ ಅವರನ್ನು ಎಂದು ಸೇರಿಸಿ ಓದಿಕೊಳ್ಳಿ, ಮೇಡಂ.

ನೆಟ್‌ಹತ್ತಿರ

ಅದು ಸರಿ. ಆದರೂ ಐದು ವಾರದ ಹಿಂದೆ ಪ್ಯಾರಿಸ್ ಸೆಮಿಫೈನಲ್‌ನಲ್ಲಿಯೂ ಸಿನ್ನರ್ ಜೊಕೊವಿಚ್ ಅವರನ್ನು ನೇರ ಸೆಟ್‌ಗಳಲ್ಲೇ ಸೋಲಿಸಿದ್ದರು, ಅಂದು ಯಾರೂ ಜಾರಿ ಬಿದ್ದಿರಲಿಲ್ಲ.

ಸಂಜೆಯಾಟ

ಎಲ್ಲರೂ ಮನಸ್ಸಿನ ವಿಚಾರ ಬರೆಯುತ್ತಿದ್ದೀರಿ, ಮೊಣಕೈಯ ವಿಚಾರ ಯಾರೂ ಎತ್ತುತ್ತಿಲ್ಲ. ಇಲ್ಲಿ ನಾಲ್ಕನೇ ಸುತ್ತಿನಲ್ಲಿ ಡಿಮಿಟ್ರೋವ್ ವಿರುದ್ಧದ ಪಂದ್ಯದ ಮೊದಲ ಗೇಮ್‌ನಲ್ಲೇ ಸಿನ್ನರ್ ಬಿದ್ದು ಬಲಗೈ ಊರಿದರು. ಎಂಆರ್‌ಐ ಮಾಡಿಸಿದರು, ಕ್ವಾರ್ಟರ್‌ಫೈನಲ್‌ನಲ್ಲಿ ಶೆಲ್ಟನ್ ಎದುರು ಬಿಳಿ ತೋಳುಪಟ್ಟಿ ಹಾಕಿಕೊಂಡು ಆಡಿದರು.

ನಾನು ಸಂಜೆ ಹೊತ್ತು ಆಡುವ ಸಾಧಾರಣ ಆಟಗಾರ. ಮೂರು ವರ್ಷಗಳ ಹಿಂದೆ ಹೀಗೆಯೇ ಕೈ ಊರಿ ಬಿದ್ದಿದ್ದೆ. ನೋವು ಫೋರ್‌ಹ್ಯಾಂಡ್‌ನಲ್ಲಿ ಅಷ್ಟಾಗಿ ಕಾಣುತ್ತಿರಲಿಲ್ಲ, ಏಕೆಂದರೆ ಅಲ್ಲಿ ಭುಜ ಮತ್ತು ಸೊಂಟದ ತಿರುವೇ ಹೆಚ್ಚಿನ ಕೆಲಸ ಮಾಡುತ್ತದೆ. ಸರ್ವ್ ಮಾಡುವಾಗ ಕೈ ಮೇಲಕ್ಕೆ ಚಾಚಿ ಚೆಂಡಿಗೆ ತಾಗುವ ಆ ಕ್ಷಣದಲ್ಲಿ, ಮೊಣಕೈ ಪೂರ್ತಿ ನೇರವಾಗುವ ಹೊತ್ತಿಗೆ, ಒಳಬದಿಯಲ್ಲಿ ಸೂಜಿ ಚುಚ್ಚಿದಂತಾಗುತ್ತಿತ್ತು. ಅದಕ್ಕಿಂತ ಕೆಟ್ಟದ್ದು ನೋವು ಬರುವ ಮೊದಲಿನ ಹೆದರಿಕೆ. ಕೈ ತಾನಾಗಿಯೇ ಸ್ವಲ್ಪ ಮೊದಲೇ ಮಡಚಿಕೊಳ್ಳುತ್ತಿತ್ತು, ಚೆಂಡು ನೆಟ್‌ಗೆ ಹೋಗುತ್ತಿತ್ತು. ಎರಡು ತಿಂಗಳು ನನಗೆ ಎರಡನೇ ಸರ್ವ್ ಎಂಬುದೇ ಇರಲಿಲ್ಲ. ಸಿನ್ನರ್ ಅವರಿಗೆ ವೈದ್ಯರು, ಫಿಸಿಯೊಗಳು ಇದ್ದಾರೆ ನಿಜ, ಆದರೂ ಮೂರನೇ ಗಂಟೆಯಲ್ಲಿ ಆ ಕೈ ಏನು ಹೇಳುತ್ತದೆ ಎಂಬುದು ನನಗೆ ಮುಖ್ಯ. ಡಿಮಿಟ್ರೋವ್ ಎದೆಯ ಸ್ನಾಯು ಸೆಳೆದು ಹಿಂದೆ ಸರಿಯದಿದ್ದರೆ, 3-6, 5-7, 2-2ರಲ್ಲಿ ನಿಂತಿದ್ದ ಸಿನ್ನರ್ ಇಂದು ಈ ಚರ್ಚೆಯಲ್ಲೇ ಇರುತ್ತಿರಲಿಲ್ಲವೇನೋ.

ಕೆಂಪುಮಣ್ಣು

ಶೆಲ್ಟನ್ ಅವರನ್ನು 7-6, 6-4, 6-4ರಿಂದ ಸೋಲಿಸಿದ್ದೂ ಅದೇ ಕೈ.

ಅಂಗಳದಮೇಷ್ಟ್ರು

ಮಕ್ಕಳಿಗೆ ಟೆನಿಸ್ ಕಲಿಸುವವನಾಗಿ ನನ್ನ ಗಮನವೆಲ್ಲ ನೆಲದ ಮೇಲಿದೆ. ಟೂರ್ನಿಯ ಮೊದಲ ದಿನ 8 ಮಿಲಿಮೀಟರ್‌ಗೆ ಕತ್ತರಿಸಿದ ರೈ ಹುಲ್ಲು ಅಂಕಣದ ತುಂಬ ಹಸಿರಾಗಿ, ಸ್ವಲ್ಪ ತೇವವಾಗಿ ಇರುತ್ತದೆ, ಆಟಗಾರರು ಜಾರುವುದು ಆಗಲೇ ಹೆಚ್ಚು. ಎರಡನೇ ವಾರದ ಕೊನೆಗೆ ಬೇಸ್‌ಲೈನ್ (ಅಂಕಣದ ಹಿಂಬದಿಯ ಗೆರೆ) ಉದ್ದಕ್ಕೂ ಹುಲ್ಲು ಸವೆದು ಒಣ ಮಣ್ಣು ಕಾಣುತ್ತದೆ. ಅಲ್ಲಿ ಬಿದ್ದ ಚೆಂಡು ಮೊದಲ ವಾರಕ್ಕಿಂತ ಎತ್ತರಕ್ಕೆ ಪುಟಿಯುತ್ತದೆ, ಕೆಲವೊಮ್ಮೆ ವಕ್ರವಾಗಿಯೂ ಏಳುತ್ತದೆ. ಆದರೆ ಸರ್ವಿಸ್ ಬಾಕ್ಸ್‌ನ ಒಳಗೆ, ನೆಟ್‌ನ ಹತ್ತಿರ, ಹುಲ್ಲು ಇನ್ನೂ ಹಾಗೆಯೇ ಉಳಿದಿರುತ್ತದೆ, ಏಕೆಂದರೆ ಸರ್ವ್ ಮಾಡಿ ನೆಟ್‌ಗೆ ಓಡುವ ಆಟವೇ ಈಗ ಅಪರೂಪ. ಅಂದರೆ ನಾಳೆ ಒಂದೇ ಅಂಕಣದಲ್ಲಿ ಎರಡು ನೆಲಗಳಿರುತ್ತವೆ.

ಇದು ಯಾರಿಗೆ ಒದಗುತ್ತದೆ ಎಂಬುದು ಪ್ರಶ್ನೆ. ಅಲ್ಕರಾಜ್ ಅವರ ಡ್ರಾಪ್ ಶಾಟ್ ಅನ್ನು, ಅಂದರೆ ನೆಟ್ ದಾಟಿದ ಕೂಡಲೇ ಬೀಳುವ ಮೆಲುಹೊಡೆತವನ್ನು, ನಿಧಾನಗತಿಯ ದೃಶ್ಯದಲ್ಲಿ ನೋಡಿ. ಭುಜ ಪೂರ್ತಿ ತಿರುಗಿರುತ್ತದೆ, ಎಡಗೈ ಮುಂದೆ ಚಾಚಿರುತ್ತದೆ, ರ‍್ಯಾಕೆಟ್ ಫೋರ್‌ಹ್ಯಾಂಡ್ ಹೊಡೆತಕ್ಕೆಂದೇ ಹಿಂದೆ ಹೋಗಿರುತ್ತದೆ, ಎದುರಾಳಿಯ ಹಿಮ್ಮಡಿ ಆಗಲೇ ಹಿಂದಕ್ಕೆ ಒತ್ತಿರುತ್ತದೆ. ಕೊನೆಯ ಗಳಿಗೆಯಲ್ಲಿ ಹಿಡಿತ ಬದಲಾಗಿ ರ‍್ಯಾಕೆಟ್ ಚೆಂಡಿನ ಕೆಳಗೆ ಸವರಿಕೊಂಡು ಹೋಗುತ್ತದೆ. ಆ ಹಸಿರು ಉಳಿದ ಜಾಗದಲ್ಲಿ ಅಂಥ ಚೆಂಡು ಬಿದ್ದರೆ ಮೇಲೇಳುವುದೇ ಇಲ್ಲ. ಆದರೆ ಆ ಹೊಡೆತಕ್ಕೆ ಅರ್ಧ ಕ್ಷಣದ ಬಿಡುವು ಬೇಕು, ಸಿನ್ನರ್ ಆ ಬಿಡುವನ್ನು ಕೊಡುವವರಲ್ಲ. ಅವರು ಬೇಸ್‌ಲೈನ್‌ಗೆ ಅಂಟಿಕೊಂಡು ನಿಂತು, ಚೆಂಡು ಪುಟಿದೇಳುತ್ತಿರುವಾಗಲೇ ಹೊಡೆದು ಕಳುಹಿಸುತ್ತಾರೆ. ಬಾಲ್ಯದಲ್ಲಿ ಹಿಮದ ಮೇಲೆ ಸ್ಕೀಯಿಂಗ್ ಸ್ಪರ್ಧೆಗಳಲ್ಲಿ ಗೆದ್ದವರಾದ್ದರಿಂದ ಇರಬೇಕು, ಪಕ್ಕಕ್ಕೆ ಜಾರಿದರೂ ಅವರ ಸೊಂಟದ ಮೇಲ್ಭಾಗ ಅಲುಗಾಡುವುದಿಲ್ಲ. ಆ ಸಮತೋಲವನ್ನು ನಾನು ಹುಡುಗರಿಗೆ ತೋರಿಸಿ ತೋರಿಸಿ ಸೋತಿದ್ದೇನೆ.

ನನ್ನ ಮಟ್ಟಿಗೆ ಪಂದ್ಯವನ್ನು ತೀರ್ಮಾನಿಸುವುದು ಎರಡನೇ ಸರ್ವ್. ಅಲ್ಕರಾಜ್ ಅವರ ಮೊದಲ ಸರ್ವ್ ಒಳಗೆ ಬೀಳುತ್ತಿದ್ದರೆ ಸಿನ್ನರ್ ಹಿಂದೆ ಸರಿಯಬೇಕು, ಆಗ ಡ್ರಾಪ್ ಶಾಟ್‌ಗೆ ದಾರಿ ತೆರೆಯುತ್ತದೆ. ಮೊದಲ ಸರ್ವ್ ತಪ್ಪುತ್ತಾ ಹೋದರೆ ಎರಡನೆಯದರ ಮೇಲೆ ಸಿನ್ನರ್ ಮುಂದೆ ಬಂದು ಹೊಡೆಯುತ್ತಾರೆ, ಅಲ್ಲಿಂದ ಅಲ್ಕರಾಜ್ ಓಡುವುದೇ ಆಗುತ್ತದೆ. ಸಿನ್ನರ್ ಗೆಲುವು, ನಾಲ್ಕು ಸೆಟ್.

ಹುಲ್ಲಂಕಣ

ಮೇಷ್ಟ್ರೇ, ಇಂಥ ಬರಹಕ್ಕಾಗಿಯೇ ಈ ಚರ್ಚೆ ತೆರೆದೆ. ಒಂದು ಅನುಮಾನವಿದೆ. ಅಲ್ಕರಾಜ್ ಈ ವರ್ಷ ಸರ್ವ್ ಮಾಡುವ ಶೈಲಿಯನ್ನೇ ಬದಲಿಸಿಕೊಂಡು, ನಡುವೆ ತಡೆಯಿಲ್ಲದ ಹಾಗೆ ಮಾಡಿಕೊಂಡಿದ್ದಾರಲ್ಲ, ಅದು ಎರಡನೇ ಸರ್ವ್‌ಗೂ ನೆರವಾಗಿಲ್ಲವೇ?

ಅಂಗಳದಮೇಷ್ಟ್ರು

ಮೊದಲ ಸರ್ವ್‌ಗೆ ಬಹಳ ನೆರವಾಗಿದೆ. ಎರಡನೆಯದು ಒತ್ತಡದಲ್ಲಿ ಇನ್ನೂ ಗಿಡ್ಡವಾಗಿ ಬೀಳುತ್ತದೆ. ಫೊಗ್ನಿನಿ ಪಂದ್ಯದಲ್ಲಿ ನೋಡಿದಿರಲ್ಲ.

ಎಡಗೈಯವಳು

ಇಂದಿನ ಮಹಿಳೆಯರ ಫೈನಲ್ ನೋಡಿ ಬಂದು ಬರೆಯುತ್ತಿದ್ದೇನೆ. ಇಗಾ ಶ್ವಾಂಟೆಕ್ 6-0, 6-0, ಬರೀ 57 ನಿಮಿಷ. ವಿಂಬಲ್ಡನ್ ಮಹಿಳಾ ಫೈನಲ್‌ನಲ್ಲಿ ಎದುರಾಳಿಗೆ ಒಂದು ಗೇಮ್ ಕೂಡ ಸಿಗದಿದ್ದದ್ದು 1911ರ ನಂತರ ಇದೇ ಮೊದಲು. ಅಮಂಡಾ ಅನಿಸಿಮೋವಾ ಸೆಮಿಫೈನಲ್‌ನಲ್ಲಿ ಸಬಲೆಂಕಾ ಅವರನ್ನು ಸೋಲಿಸಿ ಬಂದವರು, ಒಂದೇ ದಿನದ ಅಂತರದಲ್ಲಿ ಕೈ ಹೀಗೆ ಕಟ್ಟಿಹೋಯಿತು. ಆಕೆ ಭಾಷಣ ಮಾಡುತ್ತಾ ಅಳುವಾಗ ನನಗೂ ತಡೆಯಲಾಗಲಿಲ್ಲ. ಫೈನಲ್ ಎಂಬುದು ಹಿಂದಿನ ಆರು ಪಂದ್ಯಗಳ ಮುಂದುವರಿಕೆ ಅಲ್ಲ ಎಂಬುದನ್ನು ಇಲ್ಲಿ ಅಂಕಿಗಳನ್ನು ಮುಂದಿಡುವವರು ನೆನಪಿಟ್ಟುಕೊಳ್ಳಬೇಕು. ಆ ಕಾರಣಕ್ಕೇ ನನ್ನ ಆಯ್ಕೆ ಅಲ್ಕರಾಜ್: ಫೈನಲ್ ದಿನದಂದು ಕೈ ಕಟ್ಟಿಹೋಗದ ಆಟಗಾರ ಈಗ ಇರುವುದು ಅವರೊಬ್ಬರೇ.

ಹಳೇರ‍್ಯಾಕೆಟ್

ಇನ್ನೊಂದು ನೆನಪಾಯಿತು. ಪ್ಯಾರಿಸ್ ಮತ್ತು ವಿಂಬಲ್ಡನ್ ಎರಡರ ಫೈನಲ್‌ನಲ್ಲೂ ಅದೇ ಇಬ್ಬರು ಪುರುಷರು ಆಡುವುದು 2008ರ ನಂತರ ಈಗಲೇ. 2006, 2007, 2008 ಮೂರೂ ವರ್ಷ ಫೆಡರರ್ ಮತ್ತು ರಫೆಲ್ ನಡಾಲ್ ಎರಡೂ ಕಡೆ ಎದುರಾಗಿದ್ದರು. ಮೂರೂ ವರ್ಷ ಪ್ಯಾರಿಸ್ ನಡಾಲ್ ಅವರದು. 2008ರಲ್ಲಿ ಪ್ಯಾರಿಸ್‌ನಲ್ಲಿ 6-1, 6-3, 6-0ರಿಂದ ಸೋತ ಫೆಡರರ್, ನಾಲ್ಕು ವಾರಗಳ ನಂತರ ಲಂಡನ್ನಿನಲ್ಲಿ ಎರಡು ಸೆಟ್ ಹಿಂದಿದ್ದೂ ಐದನೆಯದಕ್ಕೆ ಎಳೆದು, ಕತ್ತಲು ಕವಿಯುವ ಹೊತ್ತಿಗೆ 9-7ರಿಂದ ಸೋತರು. ಅಂದು ನಾನು ಒಂದು ಮಾತನ್ನೂ ಆಡದೆ ಮಲಗಿದ್ದೆ. ಪ್ಯಾರಿಸ್‌ನ ನೆರಳು ಎಷ್ಟು ಉದ್ದವಿರುತ್ತದೆ ಎಂಬುದಕ್ಕೆ ಅದೇ ಸಾಕ್ಷಿ.

ನೆಟ್‌ಹತ್ತಿರ

ಆದರೆ 2006 ಮತ್ತು 2007ರಲ್ಲಿ ಪ್ಯಾರಿಸ್‌ನಲ್ಲಿ ಸೋತ ಫೆಡರರ್ ವಿಂಬಲ್ಡನ್‌ನಲ್ಲಿ ಅದೇ ನಡಾಲ್ ಅವರನ್ನು ಸೋಲಿಸಿದರಲ್ಲ! ಮೂರರಲ್ಲಿ ಎರಡು ಬಾರಿ ಪ್ಯಾರಿಸ್‌ನಲ್ಲಿ ಸೋತವರೇ ಲಂಡನ್ನಿನಲ್ಲಿ ಗೆದ್ದಿದ್ದಾರೆ. ನೀವು ತಂದ ಸಾಕ್ಷಿ ನನ್ನ ಪರವಾಗಿ ನಿಲ್ಲುತ್ತಿದೆ.

ಹಳೇರ‍್ಯಾಕೆಟ್

ಆ ಎರಡು ವರ್ಷ ಫೆಡರರ್ ಹುಲ್ಲಿನ ದೊರೆಯಾಗಿದ್ದರು, ಹಾಲಿ ಚಾಂಪಿಯನ್ ಆಗಿದ್ದರು. ಈ ಬಾರಿ ಹಾಲಿ ಚಾಂಪಿಯನ್ ಯಾರು? ಪ್ಯಾರಿಸ್ ಗೆದ್ದವರೇ.

ನೆಟ್‌ಹತ್ತಿರ

ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ನಾಳೆ ಸಿನ್ನರ್ ಅವರೇ ಕೊಡಲಿ.

ಬೇಸ್‌ಲೈನ್ಆಚೆ

ನನ್ನದೊಂದು ಬೇರೆ ದೂರು. ಐದನೇ ಸೆಟ್ 6-6 ಆದಾಗ 10 ಪಾಯಿಂಟ್‌ಗಳ ಟೈಬ್ರೇಕರ್ ಆಡಿಸುವ ನಿಯಮ 2022ರಿಂದ ನಾಲ್ಕೂ ಗ್ರ್ಯಾನ್‌ಸ್ಲಾಮ್‌ಗಳಲ್ಲಿ ಬಂದಿದೆ. ಪ್ಯಾರಿಸ್‌ನಲ್ಲಿ ಐದೂಕಾಲು ಗಂಟೆ ಸಮಸಮವಾಗಿ ನಡೆದ ಹೋರಾಟ ಕೊನೆಗೆ 10-2ರಲ್ಲಿ ತೀರಿಹೋಯಿತು. ಎರಡು ಗೇಮ್‌ಗಳ ಅಂತರ ಸಿಗುವ ತನಕ ಆಡಿಸಿದ್ದರೆ ಅಂದು ಸಿನ್ನರ್ ಮತ್ತೆ ಎದ್ದು ನಿಲ್ಲಲು ಅವಕಾಶವಿತ್ತು. ನಾಳೆಯೂ ಹಾಗಾದರೆ ನನಗೆ ಬಹಳ ಬೇಸರವಾಗುತ್ತದೆ.

ಐದನೇಸೆಟ್

ನನ್ನ ಹೆಸರೇ ಐದನೇಸೆಟ್, ಆದರೂ ಒಪ್ಪಲಾರೆ. 2010ರಲ್ಲಿ ಇಸ್ನರ್ ಮತ್ತು ಮಾಹು 70-68ರ ತನಕ ಮೂರು ದಿನ ಆಡಿದರು, ಗೆದ್ದ ಇಸ್ನರ್ ಮುಂದಿನ ಸುತ್ತಿನಲ್ಲಿ ನಿಲ್ಲಲಾರದೆ ಸೋತರು. ಆಟಗಾರರ ಮೈ ಮುರಿಯುವ ನಿಯಮ ನಮ್ಮ ಸಂತೋಷಕ್ಕಾಗಿ ಬೇಡ. ಅದೂ ಅಲ್ಲದೆ ಪಂದ್ಯ ಉದ್ದವಾದರೆ ಲಾಭ ಅಲ್ಕರಾಜ್ ಅವರಿಗೇ: ಐದು ಸೆಟ್‌ಗಳ ಪಂದ್ಯವನ್ನು ಅವರು ಸೋತಿರುವುದು ಒಂದೇ ಒಂದು ಬಾರಿ, 2022ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಬೆರೆಟ್ಟಿನಿ ಎದುರು.

ಹುಲ್ಲಂಕಣ

ನಿಯಮದ ವಿಚಾರಕ್ಕೆ ಬೇರೆ ಚರ್ಚೆ ತೆರೆಯೋಣ. ಇಲ್ಲಿ ನಾಳೆಯ ಪಂದ್ಯಕ್ಕೇ ಅಂಟಿಕೊಳ್ಳಿ ಎಂದು ವಿನಂತಿ.

ಸಂಜೆಯಾಟ

ಹಾಗಾದರೆ ಒಂದು ಮಾತು. ಸಿನ್ನರ್ ಫೆಬ್ರುವರಿಯಿಂದ ಮೇ ಮೊದಲ ವಾರದವರೆಗೆ ಮೂರು ತಿಂಗಳು ಉದ್ದೀಪನ ಮದ್ದಿನ ಪ್ರಕರಣದಲ್ಲಿ ಅಮಾನತಿನಲ್ಲಿದ್ದರು. ಆ ಪ್ರಕರಣದ ಸರಿತಪ್ಪುಗಳನ್ನು ಇಲ್ಲಿ ಎತ್ತುವುದಿಲ್ಲ. ಆಟದ ದೃಷ್ಟಿಯಿಂದ ನೋಡಿದರೆ ರೋಮ್‌ನಲ್ಲಿ ಅಲ್ಕರಾಜ್ ಎದುರು ಎರಡನೇ ಸೆಟ್‌ನಲ್ಲಿ 6-1ರಿಂದ ಕುಸಿದಾಗ ಅವರು ಮರಳಿ ಬಂದು ಕೆಲವೇ ದಿನಗಳಾಗಿದ್ದವು. ಪ್ಯಾರಿಸ್‌ನಲ್ಲಿ ಅದೇ ಆಟಗಾರ ಐದೂವರೆ ಗಂಟೆ ನಿಂತರು. ದಾರಿ ಮೇಲಕ್ಕೇ ಹೋಗುತ್ತಿದೆ. ಮೊಣಕೈ ಬಗ್ಗೆ ಬರೆದವನು ನಾನೇ, ಆದರೂ ಕೈ ಸರಿಯಿದ್ದರೆ ಸಿನ್ನರ್ ಎಂದೇ ಬರೆಯುತ್ತೇನೆ.

ಅಂಕಿಯವನು

ನನ್ನದು ಅಲ್ಕರಾಜ್, ಐದು ಸೆಟ್. ಗೆದ್ದರೆ ಓಪನ್ ಯುಗದಲ್ಲಿ ಬೋರ್ಗ್, ಸಾಂಪ್ರಾಸ್, ಫೆಡರರ್, ಜೊಕೊವಿಚ್ ನಂತರ ಸತತ ಮೂರು ವಿಂಬಲ್ಡನ್ ಗೆದ್ದ ಐದನೇ ಪುರುಷರಾಗುತ್ತಾರೆ. ಸಿನ್ನರ್ ಗೆದ್ದರೆ ವಿಂಬಲ್ಡನ್ ಸಿಂಗಲ್ಸ್ ಗೆದ್ದ ಮೊದಲ ಇಟಲಿಯವರಾಗುತ್ತಾರೆ. 2021ರಲ್ಲಿ ಬೆರೆಟ್ಟಿನಿ, ಕಳೆದ ವರ್ಷ ಮಹಿಳೆಯರಲ್ಲಿ ಪಾವೊಲಿನಿ ಫೈನಲ್‌ನಲ್ಲಿ ಸೋತಿದ್ದರು.

ಎಡಗೈಯವಳು (ಭಾನುವಾರ, ಮೊದಲ ಸೆಟ್ ಮುಗಿದ ಹೊತ್ತು)

2-4ರಿಂದ ಸತತ ನಾಲ್ಕು ಗೇಮ್! ಅಲ್ಕರಾಜ್ 6-4. ಕಟ್ಟಿಹೋಗದ ಕೈ ಎಂದು ನಿನ್ನೆ ಬರೆದಿದ್ದೆ.

ಕೆಂಪುಮಣ್ಣು

ಇನ್ನೂ ಒಂದೇ ಸೆಟ್ ಆಗಿದೆ, ತಾಳಿ.

ಅಂಗಳದಮೇಷ್ಟ್ರು (ಎರಡನೇ ಸೆಟ್ ನಂತರ)

ಸಿನ್ನರ್ 6-4. ಅಲ್ಕರಾಜ್ ಅವರ ಮೊದಲ ಸರ್ವ್ ಕೈಕೊಡುತ್ತಿದೆ, ಎರಡನೆಯದಕ್ಕೆ ಸಿನ್ನರ್ ಒಂದು ಹೆಜ್ಜೆ ಅಂಕಣದ ಒಳಗೇ ಬಂದು ನಿಲ್ಲುತ್ತಿದ್ದಾರೆ. ಡ್ರಾಪ್ ಶಾಟ್‌ಗೆ ಬೇಕಾದ ಬಿಡುವು ಎಲ್ಲಿಯೂ ಸಿಗುತ್ತಿಲ್ಲ.

ಹಳೇರ‍್ಯಾಕೆಟ್ (ನಾಲ್ಕನೇ ಸೆಟ್ ನಡುವೆ)

ಸಿನ್ನರ್ 4-3, ತಮ್ಮ ಸರ್ವ್‌ನಲ್ಲಿ 15-40. ಈಗ ಬಂದಿದೆ ನೋಡಿ ಪ್ಯಾರಿಸ್.

ನೆಟ್‌ಹತ್ತಿರ

ಎರಡೂ ಬ್ರೇಕ್ ಪಾಯಿಂಟ್ (ಸರ್ವ್ ಮಾಡುವವರ ಗೇಮ್ ಕಸಿಯಲು ಎದುರಾಳಿಗೆ ಸಿಗುವ ಅವಕಾಶ) ಸಿನ್ನರ್ ಉಳಿಸಿಕೊಂಡರು. 5-3.

ಹುಲ್ಲಂಕಣ (ಭಾನುವಾರ, ಪಂದ್ಯದ ನಂತರ)

4-6, 6-4, 6-4, 6-4. 3 ಗಂಟೆ 4 ನಿಮಿಷ. ಯಾನಿಕ್ ಸಿನ್ನರ್ ವಿಂಬಲ್ಡನ್ ಚಾಂಪಿಯನ್.

ನನ್ನ ಅನಿಸಿಕೆ ನಿಜವಾದದ್ದಕ್ಕೆ ಸಂತೋಷಪಡಲು ಆಗುತ್ತಿಲ್ಲ, ಅಲ್ಕರಾಜ್ ತಲೆ ತಗ್ಗಿಸಿ ಕುರ್ಚಿಯಲ್ಲಿ ಕುಳಿತದ್ದು ಕಣ್ಣ ಮುಂದಿದೆ. ಅವರು ಸೋತ ಮೊದಲ ಗ್ರ್ಯಾನ್‌ಸ್ಲಾಮ್ ಫೈನಲ್ ಇದು. ಆದರೆ ನಾನು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತು ಎಂದುಕೊಂಡಿದ್ದೇನೆ. ಪ್ಯಾರಿಸ್‌ನಲ್ಲಿ ನಾಲ್ಕನೇ ಸೆಟ್‌ನಲ್ಲಿ 5-4 ಮುಂದಿದ್ದು ಪಂದ್ಯ ಮುಗಿಸಲೆಂದು ಸರ್ವ್ ಮಾಡಲು ನಿಂತ ಸಿನ್ನರ್ ಬ್ರೇಕ್ ಆಗಿದ್ದರು. ಇಂದು ಅದೇ ನಾಲ್ಕನೇ ಸೆಟ್, ಅದೇ 5-4, ಅದೇ ಎದುರಾಳಿ, ಸರ್ವ್ ಕೂಡ ಅವರದೇ. ಚೆಂಡನ್ನು ನೆಲಕ್ಕೆ ಬಡಿಯುತ್ತಾ ನಿಂತ ಅವರನ್ನು ನೋಡುವಾಗ ನನ್ನ ಅಂಗೈ ಬೆವರಿತ್ತು, ಅವರ ಮುಖದಲ್ಲಿ ಏನೂ ಕಾಣಲಿಲ್ಲ. ಸರ್ವ್ ಮಾಡಿದರು, ಮುಗಿಸಿದರು.

ಸಂಜೆಯಾಟ

ಆ ಕೊನೆಯ ಗೇಮ್‌ನಲ್ಲಿ ನಾನು ಮುಖ ನೋಡಲಿಲ್ಲ, ಮೊಣಕೈಯನ್ನೇ ನೋಡುತ್ತಿದ್ದೆ. ಪ್ರತಿ ಸರ್ವ್‌ನಲ್ಲೂ ಕೈ ಪೂರ್ತಿ ಚಾಚಿತು.

ಹಳೇರ‍್ಯಾಕೆಟ್

ನೆಟ್‌ಹತ್ತಿರ ಅವರಿಗೆ: ಕೋರಿಯಾ ಮತ್ತು ಫೆಡರರ್ ಅವರ ಉದಾಹರಣೆಯನ್ನು ಹಿಂದಕ್ಕೆ ಪಡೆಯುತ್ತೇನೆ. ಆದರೆ 15-40ರಲ್ಲಿ ಆ ಎರಡು ಪಾಯಿಂಟ್‌ಗಳಲ್ಲಿ ಒಂದು ಅಲ್ಕರಾಜ್ ಕಡೆ ಬಿದ್ದಿದ್ದರೆ ನಾವು ಇನ್ನೂ ಪಂದ್ಯ ನೋಡುತ್ತಿದ್ದೆವು ಎಂಬ ಮಾತನ್ನು ಬಿಡುವುದಿಲ್ಲ.

ನೆಟ್‌ಹತ್ತಿರ

ಬಿಡಬೇಡಿ, ಸರ್. ಅದು ನಿಜ. ಆಗಸ್ಟ್ ಕೊನೆಗೆ ನ್ಯೂಯಾರ್ಕ್‌ನಲ್ಲಿ ಅಮೆರಿಕ ಓಪನ್ ಆರಂಭವಾಗುತ್ತದೆ, ಸಿನ್ನರ್ ಅಲ್ಲಿ ಹಾಲಿ ಚಾಂಪಿಯನ್. ಈ ಬಾರಿ ಚರ್ಚೆ ನೀವೇ ತೆರೆಯಿರಿ.